ನಮ್ಮ ಮನೆ ಹುಡುಗಿಗೆ ಬೇಡ ಎನ್ನುವವರಿಗೆ

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಮಾತು ಬಂತೆಂದರೆ ಓದಿದವರ ಮನೆಗಳಲ್ಲೂ ಉತ್ತರವೊಂದು ಸಿದ್ಧವಾಗಿರುತ್ತದೆ: "ನಮ್ಮ ಹುಡುಗಿಗೆ ಅದೆಲ್ಲ ಯಾಕೆ? ನಾವು ಮಕ್ಕಳನ್ನ ಹಾಗೆ ಬೆಳೆಸಿಲ್ಲ." ಉಪನ್ಯಾಸಕರು ಹೇಳುತ್ತಾರೆ, ಎಂಜಿನಿಯರುಗಳು ಹೇಳುತ್ತಾರೆ, ಶಾಲೆಯ ಪೋಷಕರ ಸಭೆಯಲ್ಲಿ ಹಿರಿಯರೆನಿಸಿಕೊಂಡವರು ಹೇಳುತ್ತಾರೆ. ಪಕ್ಕದಲ್ಲಿ ಕೂತ ತಾಯಂದಿರು ಮುಜುಗರಪಟ್ಟು ಸುಮ್ಮನಾಗುತ್ತಾರೆ, ವಿಷಯ ಅಲ್ಲಿಗೇ ಮುಚ್ಚಿಹೋಗುತ್ತದೆ. ಇದೇ ಮಾತಿಗೆ ಸ್ವಲ್ಪ ನಯವಾದ ರೂಪವೂ ಇದೆ: "ಬೇಕಾದವರು ದುಡ್ಡು ಕೊಟ್ಟು ಹಾಕಿಸಿಕೊಳ್ಳಲಿ, ಎಲ್ಲರಿಗೂ ಯಾಕೆ?" ಎರಡರ ಬೇರೂ ಒಂದೇ. ಈ ಲಸಿಕೆ ಒಬ್ಬ ಹುಡುಗಿಯ ನಡತೆಗೆ, ಒಂದು ಮನೆಯ ಇಷ್ಟಕ್ಕೆ ಸೇರಿದ ವಿಚಾರ ಎಂಬ ನಂಬಿಕೆ. ಅದು ಬುಡದಿಂದಲೇ ತಪ್ಪು. ಎಚ್‌ಪಿವಿ ಇಡೀ ಸಮಾಜದಲ್ಲಿ ಓಡಾಡಿಕೊಂಡಿರುವ ವೈರಾಣು. ಅದನ್ನು ತಡೆಯುವ ಲಸಿಕೆಯನ್ನು ಮನೆಮನೆಯ ಮರ್ಜಿಗೆ ಬಿಟ್ಟರೆ ಯಾರಿಗೆ ಅದು ಅತಿ ಹೆಚ್ಚು ಬೇಕೋ ಅವರಿಗೇ ಸಿಗುವುದಿಲ್ಲ.

ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆಯಿಂದ ರಾತ್ರಿ ರೈಲು ಹಿಡಿದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರುವ ಹೆಂಗಸರನ್ನು ನೋಡಿದವರಿಗೆ ಈ ಕಾಯಿಲೆ ಯಾರದು ಎಂದು ಬಿಡಿಸಿ ಹೇಳಬೇಕಿಲ್ಲ. ವಯಸ್ಸು ನಲವತ್ತೈದು, ಐವತ್ತು, ಐವತ್ತೈದು. ಹದಿನಾರು ಹದಿನೇಳಕ್ಕೆ ಮದುವೆ, ನಾಲ್ಕೈದು ಹೆರಿಗೆ. ತಿಂಗಳುಗಟ್ಟಲೆ ಬಿಳಿ ಹೋಗುತ್ತಿದ್ದರೂ ನಾಚಿಕೆಯಿಂದ ಯಾರಿಗೂ ಹೇಳಿರುವುದಿಲ್ಲ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡಾಗ ಉಷ್ಣವೆಂದು ಮನೆಮದ್ದು ಮಾಡಿರುತ್ತಾರೆ. ಸೊಂಟದ ನೋವು ಕಾಲಿಗೆ ಇಳಿದ ಮೇಲೆ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾಸ್ಪತ್ರೆ, ಅಲ್ಲಿಂದ ಬೆಂಗಳೂರು. ಅಷ್ಟು ಹೊತ್ತಿಗೆ ಗಡ್ಡೆ ಗರ್ಭಕಂಠವನ್ನು ದಾಟಿ ಹರಡಿರುತ್ತದೆ. ರೋಗಿಗಳು 'ಕರೆಂಟು' ಎಂದು ಕರೆಯುವ ವಿಕಿರಣ ಚಿಕಿತ್ಸೆ ಸುಮಾರು ಐದು ವಾರ, ನಡುವೆ ವಾರಕ್ಕೊಮ್ಮೆ ಕೀಮೋ, ಕೊನೆಗೆ ವಿಕಿರಣದ ಮೂಲವನ್ನು ಗರ್ಭಕೋಶದೊಳಗೇ ಇಟ್ಟು ಮಾಡುವ ಚಿಕಿತ್ಸೆ. ಊರಲ್ಲಿ ಎಮ್ಮೆ, ಹೊಲ, ಮೊಮ್ಮಕ್ಕಳನ್ನು ಬಿಟ್ಟು ಬಂದವಳು ಎರಡು ತಿಂಗಳು ನಗರದಲ್ಲಿ ಎಲ್ಲಿ ಉಳಿಯಬೇಕು, ಜೊತೆಗೆ ಬಂದ ಮಗ ಎಷ್ಟು ದಿನ ಕೂಲಿ ಬಿಡಬೇಕು ಎಂಬ ಲೆಕ್ಕದಲ್ಲೇ ಎಷ್ಟೋ ಚಿಕಿತ್ಸೆಗಳು ಅರ್ಧಕ್ಕೆ ನಿಲ್ಲುತ್ತವೆ. ಗಡ್ಡೆ ಮೂತ್ರನಾಳವನ್ನು ಒತ್ತಿ ಕಿಡ್ನಿ ಕೈಕೊಟ್ಟರೆ ಮುಂದೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

2022ರ ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲಿ ಈ ಕ್ಯಾನ್ಸರ್ ಕಾಣಿಸಿಕೊಂಡದ್ದು ಸುಮಾರು 1.27 ಲಕ್ಷ ಹೆಂಗಸರಿಗೆ. ಸತ್ತವರು 80 ಸಾವಿರದ ಹತ್ತಿರ. ದಿನಕ್ಕೆ 200ಕ್ಕೂ ಹೆಚ್ಚು ಜನ. ಇವರಲ್ಲಿ ಬಹುಪಾಲು ಹೆಂಗಸರು ಗಂಡನ ಹೊರತು ಇನ್ನೊಬ್ಬನನ್ನು ಅರಿಯದವರು. ಸಂಸ್ಕಾರವೇ ಕಾಪಾಡುವುದಾದರೆ ಇವರಷ್ಟು ಸುರಕ್ಷಿತರು ಯಾರೂ ಇರಬಾರದಿತ್ತು.

ಕಾಪಾಡಲಿಲ್ಲ, ಯಾಕೆಂದರೆ ವೈರಾಣುವಿನ ದಾರಿಯೇ ಬೇರೆ. ಗರ್ಭಕಂಠದ ಕ್ಯಾನ್ಸರಿಗೂ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ಗೂ ಇರುವ ನಂಟನ್ನು ತೋರಿಸಿದವರು ಜರ್ಮನಿಯ ಹರಾಲ್ಡ್ ಝುರ್ ಹೌಸೆನ್. 1983 ಮತ್ತು 1984ರಲ್ಲಿ ಅವರ ತಂಡ ಗಡ್ಡೆಗಳಿಂದ ಈ ವೈರಾಣುವಿನ 16 ಮತ್ತು 18ನೇ ಬಗೆಗಳನ್ನು ಬೇರ್ಪಡಿಸಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಜಗತ್ತಿನ ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು ಶೇ 70ಕ್ಕೆ ಈ ಎರಡು ಬಗೆಗಳೇ ಕಾರಣ. ಚರ್ಮಕ್ಕೆ ಚರ್ಮ ತಾಗಿದರೆ ಹರಡುವ ಸೋಂಕು ಇದು. ಲೈಂಗಿಕ ಬದುಕು ಆರಂಭಿಸಿದ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಜೀವಮಾನದಲ್ಲಿ ಒಮ್ಮೆಯಾದರೂ ತಗಲುತ್ತದೆ. ಜ್ವರವಿಲ್ಲ, ನೋವಿಲ್ಲ, ಗುರುತಿಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಮಾತ್ರ ಗರ್ಭಕಂಠದ ಜೀವಕೋಶಗಳಲ್ಲಿ ಉಳಿದು, ಜೀವಕೋಶ ಹತೋಟಿ ತಪ್ಪಿ ಬೆಳೆಯದಂತೆ ತಡೆಯುವ ಪ್ರೋಟೀನುಗಳನ್ನೇ ನಿಷ್ಕ್ರಿಯಗೊಳಿಸಿ, ಹದಿನೈದಿಪ್ಪತ್ತು ವರ್ಷಗಳ ಮೇಲೆ ಕ್ಯಾನ್ಸರ್ ಆಗಿ ನಿಲ್ಲುತ್ತದೆ. ಮದುವೆಗೆ ಮೊದಲು ಗಂಡನ ಬದುಕಿನಲ್ಲಿ ಯಾರಿದ್ದರು, ಅವರ ಬದುಕಿನಲ್ಲಿ ಇನ್ಯಾರಿದ್ದರು ಎಂಬುದು ವಧುವಿಗೆ ಗೊತ್ತಿರುವುದಿಲ್ಲ. ಜಾತಕ ನೋಡುವವರು ಅದನ್ನು ಕೇಳುವುದೂ ಇಲ್ಲ. ತನ್ನ ಜೀವನದಲ್ಲಿ ಒಬ್ಬನೇ ಗಂಡಸನ್ನು ಕಂಡ ಹೆಣ್ಣು ಆ ಒಬ್ಬನ ಮೂಲಕ ಒಂದು ಇಡೀ ಜಾಲಕ್ಕೆ ತೆರೆದುಕೊಂಡಿರುತ್ತಾಳೆ. ಅಂಥವಳ ಕಾಯಿಲೆಯನ್ನು ಅವಳ ನಡತೆಯ ಪ್ರಶ್ನೆಯಾಗಿ ಮಾಡುವುದು ಕ್ರೌರ್ಯ.

ಇನ್ನೂ ಒಂದು ಮಾತು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕುತ್ತಾರೆ. ಆ ವೈರಾಣು ರಕ್ತದಿಂದಲೂ ತಾಯಿಯಿಂದಲೂ ಹರಡುತ್ತದೆ, ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ಮುಂದೆ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. ತೊಟ್ಟಿಲ ಕೂಸಿಗೆ ಆ ಚುಚ್ಚುಮದ್ದು ಹಾಕಿದಾಗ ಯಾವ ಅಪ್ಪನೂ "ನಮ್ಮ ಮಗುವಿನ ಶೀಲದ ಮೇಲೆ ಅನುಮಾನವೇ?" ಎಂದು ಕೇಳಿದ್ದಿಲ್ಲ. ಹತ್ತು ವರ್ಷದ ಹುಡುಗಿಯ ವಿಷಯಕ್ಕೆ ಬಂದಾಗ ಮಾತ್ರ ಆ ಪ್ರಶ್ನೆ ಏಳುತ್ತದೆ. ಹೆಣ್ಣುಮಕ್ಕಳ ದೇಹದ ಮೇಲೆ ನಮಗಿರುವ ಭಯ ಆ ಪ್ರಶ್ನೆಯನ್ನು ಕೇಳಿಸುತ್ತಿದೆಯೇ ಹೊರತು ವಿಜ್ಞಾನ ಕೇಳಿಸುತ್ತಿಲ್ಲ.

ಇನ್ನು "ಬೇಕಾದವರು ಹಾಕಿಸಿಕೊಳ್ಳಲಿ" ಎಂಬ ನಯವಾದ ವಾದ. ಇದನ್ನು ಹೇಳುವವರು ಸಮೂಹ ರಕ್ಷಣೆ ಎಂದರೇನು ಎಂಬುದನ್ನು ಗಮನಿಸಿದಂತಿಲ್ಲ. ಆಸ್ಟ್ರೇಲಿಯಾದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಲಸಿಕೆಯ ಮೂಲ ವಿಧಾನವನ್ನು 1991ರಲ್ಲಿ ಕಂಡುಕೊಂಡವರು ಅಲ್ಲಿನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ. ವೈರಾಣುವಿನ ಹೊರಕವಚದ ಪ್ರೋಟೀನು ತಾನಾಗಿ ಸೇರಿಕೊಂಡು ಒಳಗೆ ಏನೂ ಇಲ್ಲದ ಪೊಳ್ಳು ಗೋಳವಾಗುತ್ತದೆ. ಅದರಲ್ಲಿ ಸೋಂಕು ಹುಟ್ಟಿಸುವ ವಂಶವಾಹಿ ಇರುವುದಿಲ್ಲ, ಆದರೆ ದೇಹ ಅದನ್ನು ವೈರಾಣುವೆಂದೇ ತಿಳಿದು ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. 2007ರಲ್ಲಿ ಆ ದೇಶ ಶಾಲೆಗಳ ಮೂಲಕ 12–13ರ ಹುಡುಗಿಯರಿಗೆಲ್ಲ ಉಚಿತವಾಗಿ ಲಸಿಕೆ ಕೊಡಲು ಆರಂಭಿಸಿತು. ಮೊದಲ ಎರಡು ಮೂರು ವರ್ಷ 26 ವಯಸ್ಸಿನವರೆಗಿನ ಯುವತಿಯರಿಗೂ ಕೊಟ್ಟಿತು. ಆಗ ಹುಡುಗರಿಗೆ ಹಾಕಲಿಲ್ಲ.

ಕ್ಯಾನ್ಸರ್ ಕಡಿಮೆಯಾಯಿತೇ ಎಂದು ತಿಳಿಯಲು ದಶಕಗಳು ಬೇಕು. ಆದರೆ ಆ ಲಸಿಕೆ ಜನನಾಂಗದ ನರಹುಲಿಗೆ ಕಾರಣವಾಗುವ 6 ಮತ್ತು 11ನೇ ಬಗೆಗಳನ್ನೂ ತಡೆಯುತ್ತಿತ್ತು. ನರಹುಲಿ ಸೋಂಕು ತಗಲಿದ ಕೆಲವೇ ತಿಂಗಳಲ್ಲಿ ಕಾಣುತ್ತದೆ. ಹಾಗಾಗಿ ಲಸಿಕೆಯ ಫಲ ಮೊದಲು ಕಂಡದ್ದು ಅಲ್ಲಿನ ಲೈಂಗಿಕ ಆರೋಗ್ಯ ಕ್ಲಿನಿಕ್ಕುಗಳ ರಿಜಿಸ್ಟರಿನಲ್ಲಿ. 2007ರಲ್ಲಿ ಈ ಕ್ಲಿನಿಕ್ಕುಗಳಿಗೆ ಬಂದ 21ರೊಳಗಿನ ಯುವತಿಯರಲ್ಲಿ ಶೇ 11.5 ಮಂದಿಗೆ ನರಹುಲಿ ಇತ್ತು. 2011ಕ್ಕೆ ಅದು ಶೇ 1ಕ್ಕಿಂತ ಕೆಳಗಿಳಿಯಿತು. ಹಾಕಿಸಿಕೊಂಡವರಿಗೆ ಬರಲಿಲ್ಲ, ಸರಿ. ಅದೇ ಕ್ಲಿನಿಕ್ಕುಗಳಿಗೆ ಬಂದ, ಹೆಣ್ಣಿನ ಸಂಗವಿರುವ 21ರೊಳಗಿನ ಯುವಕರಲ್ಲೂ ಪ್ರಮಾಣ ಶೇ 12.1ರಿಂದ ಶೇ 2.2ಕ್ಕೆ ಇಳಿಯಿತು. ಈ ಹುಡುಗರಲ್ಲಿ ಒಬ್ಬನಿಗೂ ಸರ್ಕಾರ ಲಸಿಕೆ ಹಾಕಿರಲಿಲ್ಲ. ಹುಡುಗಿಯರಿಗೆ ಹಾಕಿದ್ದರಿಂದ ವೈರಾಣುವಿಗೆ ದಾಟಲು ದಾರಿ ಸಿಗಲಿಲ್ಲ, ಅಷ್ಟೆ. ಸಮೂಹ ರಕ್ಷಣೆ ಎಂದರೆ ಇದೇ. ಶಾಲೆ ಬಿಟ್ಟವಳು, ಲಸಿಕೆಯ ದಿನ ಜ್ವರ ಬಂದು ಮನೆಯಲ್ಲಿದ್ದವಳು, ಅಪ್ಪ ಸಹಿ ಹಾಕದೆ ಉಳಿದವಳು, ಇಂಥವರಿಗೂ ಈ ರಕ್ಷಣೆಯಲ್ಲಿ ಪಾಲು ಸಿಗುತ್ತದೆ.

ಅದೇ ಅಂಕಿಗಳಲ್ಲಿ ಇನ್ನೊಂದು ಸತ್ಯವೂ ಇತ್ತು. ಗಂಡಸರೊಡನೆ ಸಂಬಂಧವಿರುವ ಗಂಡಸರಲ್ಲಿ ನರಹುಲಿ ಇಳಿಯಲಿಲ್ಲ. ಹುಡುಗಿಯರ ಲಸಿಕೆಯ ನೆರಳು ಅವರವರೆಗೆ ಚಾಚಿರಲಿಲ್ಲ. ಸಮೂಹ ರಕ್ಷಣೆ ಯಾರ ಸುತ್ತ ಲಸಿಕೆ ಹಾಕಿದ್ದಾರೋ ಅವರನ್ನು ಮಾತ್ರ ಕಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ. ಆಸ್ಟ್ರೇಲಿಯಾ 2013ರಿಂದ ಹುಡುಗರಿಗೂ ಹಾಕತೊಡಗಿತು.

ಸ್ಕಾಟ್ಲೆಂಡ್ 2008ರಲ್ಲಿ ಆರಂಭಿಸಿತು. ಅಲ್ಲಿ 12–13ನೇ ವಯಸ್ಸಿನಲ್ಲಿ ಲಸಿಕೆ ಪಡೆದು ಇಪ್ಪತ್ತರ ಪ್ರಾಯಕ್ಕೆ ಬಂದವರಲ್ಲಿ ಕ್ಯಾನ್ಸರಿಗೆ ಮುಂಚಿನ ತೀವ್ರ ಬದಲಾವಣೆಗಳು ಶೇ 89ರಷ್ಟು ಕಡಿಮೆಯಾದದ್ದು 2019ರಲ್ಲಿ ಪ್ರಕಟವಾಯಿತು. ಅದೇ ಪ್ರಾಯದ, ಲಸಿಕೆಯೇ ಹಾಕಿಸಿಕೊಳ್ಳದ ಹೆಣ್ಣುಮಕ್ಕಳಲ್ಲೂ ಇಳಿತ ಕಂಡಿತು. 2024ರ ವರದಿಯಲ್ಲಿ, 12–13ರಲ್ಲಿ ಲಸಿಕೆ ಪಡೆದವರಲ್ಲಿ ಹರಡುವ ಹಂತದ ಗರ್ಭಕಂಠದ ಕ್ಯಾನ್ಸರಿನ ಒಂದು ಪ್ರಕರಣವೂ ಇರಲಿಲ್ಲ. ಅವು ಶ್ರೀಮಂತ ದೇಶಗಳು ಎನ್ನಬೇಡಿ. ನಮ್ಮ ಮಗ್ಗುಲಲ್ಲೇ ಇರುವ ಭೂತಾನ್ 2010ರಲ್ಲಿ ದೇಶದಾದ್ಯಂತ ಲಸಿಕೆ ಆರಂಭಿಸಿತು. ರುವಾಂಡ 2011ರಲ್ಲಿ ಆರಂಭಿಸಿ ಮೊದಲ ವರ್ಷವೇ ಶೇ 90ಕ್ಕೂ ಹೆಚ್ಚು ಹುಡುಗಿಯರನ್ನು ತಲುಪಿತು.

ಈಗ ನಮ್ಮಲ್ಲಿನ ಖಾಸಗಿ ದಾರಿಯನ್ನು ನೋಡಿ. 2008ರಿಂದ ಈ ಲಸಿಕೆಗಳು ಭಾರತದ ಮಾರುಕಟ್ಟೆಯಲ್ಲಿವೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2023ರಲ್ಲಿ ತಂದ ಸರ್ವಾವ್ಯಾಕ್‌ಗೆ ಖಾಸಗಿ ಕ್ಲಿನಿಕ್ಕಿನಲ್ಲಿ ಡೋಸಿಗೆ ಸುಮಾರು 2 ಸಾವಿರ ರೂಪಾಯಿ. ಒಂಬತ್ತು ಬಗೆಗಳನ್ನು ತಡೆಯುವ ವಿದೇಶಿ ಲಸಿಕೆಗೆ 10 ಸಾವಿರದ ಆಸುಪಾಸು. ಎರಡು ಡೋಸ್ ಹಾಕಿಸಬೇಕೆಂದರೆ ಅಗ್ಗದ್ದಕ್ಕೇ 4 ಸಾವಿರ; ಹೊಲದ ಕೂಲಿಯವಳಿಗೆ ಅದು ಹತ್ತು ದಿನದ ದುಡಿಮೆಗಿಂತ ಹೆಚ್ಚು. ಹಾಗಾದರೆ ಹಾಕಿಸಿಕೊಳ್ಳುವವರು ಯಾರು? ನಗರದ, ಅನುಕೂಲಸ್ಥರ ಮನೆಯ ಹುಡುಗಿಯರು. ತಡವಾಗಿ ಮದುವೆಯಾಗುವವರು, ಮುಂದೆ ನಿಯಮಿತವಾಗಿ ಗರ್ಭಕಂಠದ ಪ್ಯಾಪ್ ಪರೀಕ್ಷೆ ಮಾಡಿಸಿಕೊಳ್ಳಬಲ್ಲವರು, ಏನಾದರೂ ಕಂಡರೆ ಮೊದಲ ವಾರವೇ ತಜ್ಞರ ಬಳಿ ಹೋಗಬಲ್ಲವರು. ಅವರೂ ಹಾಕಿಸಿಕೊಳ್ಳಲಿ, ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಅಪಾಯ ಹೆಚ್ಚಿರುವುದು ಇನ್ನೊಂದು ತುದಿಯಲ್ಲಿ. ಕರ್ನಾಟಕದಲ್ಲಿ 20–24ರ ಪ್ರಾಯದ ಐದು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದೇ ಸಮೀಕ್ಷೆಯಲ್ಲಿ, ದೇಶದ 30–49ರ ಹೆಂಗಸರಲ್ಲಿ ಗರ್ಭಕಂಠದ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಖಾಸಗಿ ಮಾರುಕಟ್ಟೆ ಲಸಿಕೆಯನ್ನು ತೀರಾ ಕಡಿಮೆ ಅಪಾಯದವರ ಕೈಗೆ ಕೊಟ್ಟು, ತೀರಾ ಹೆಚ್ಚು ಅಪಾಯದವರನ್ನು ಹೊರಗಿಡುತ್ತದೆ. ಅಲ್ಲಲ್ಲಿ ನೂರಕ್ಕೆ ಒಬ್ಬಿಬ್ಬರು ಹಾಕಿಸಿಕೊಂಡರೆ ವೈರಾಣುವಿನ ಓಟಕ್ಕೆ ತಡೆಯೇ ಬೀಳುವುದಿಲ್ಲ. ಕೆರೆಯ ಏರಿಯನ್ನು ತನ್ನ ಗದ್ದೆಯ ಮುಂದಿನ ಹತ್ತು ಮಾರು ಮಾತ್ರ ಗಟ್ಟಿ ಮಾಡಿಕೊಂಡರೆ ಊರು ಉಳಿಯುವುದಿಲ್ಲ.

"ಎಲ್ಲರೂ ಹಾಕಿಸಿಕೊಂಡರೆ ನಮ್ಮವಳಿಗೂ ರಕ್ಷಣೆ ಸಿಗುತ್ತದಲ್ಲ, ನಾವ್ಯಾಕೆ ಹಾಕಿಸಬೇಕು?" ಎಂದು ಕೇಳುವ ಜಾಣರೂ ಇದ್ದಾರೆ. ಸಮೂಹ ರಕ್ಷಣೆಯ ಬಗ್ಗೆ ಅರ್ಧ ಓದಿಕೊಂಡವರ ವಾದ ಇದು. ಹತ್ತು ಮನೆಯವರು ಹೀಗೆ ಲೆಕ್ಕ ಹಾಕಿದರೆ ಸಮೂಹವೇ ಉಳಿಯುವುದಿಲ್ಲ. ಅದಲ್ಲದೆ, ನಿಮ್ಮ ಮಗಳು ನಿಮ್ಮ ಬಡಾವಣೆಯಲ್ಲೇ ಇರುತ್ತಾಳೆಯೇ? ಓದಿಗೆ ಪುಣೆ, ಕೆಲಸಕ್ಕೆ ಹೈದರಾಬಾದ್, ಮದುವೆಯಾಗಿ ಇನ್ನೊಂದು ದೇಶ. ನಿಮ್ಮ ಊರಿನ ಲಸಿಕೆಯ ಪ್ರಮಾಣ ಅವಳ ಜೊತೆ ಸೂಟ್‌ಕೇಸಿನಲ್ಲಿ ಹೋಗುವುದಿಲ್ಲ. ಅವಳ ಸ್ವಂತ ರಕ್ತದಲ್ಲಿರುವ ಪ್ರತಿಕಾಯ ಮಾತ್ರ ಹೋಗುತ್ತದೆ.

ಲಸಿಕೆಯನ್ನು ವಿರೋಧಿಸುವವರು ಕೊನೆಗೆ ಬಂದು ನಿಲ್ಲುವುದು ಖಮ್ಮಂನಲ್ಲಿ. ಅದನ್ನು ತಳ್ಳಿಹಾಕಿ ಮುಂದೆ ಹೋಗುವುದು ಸರಿಯಲ್ಲ. ಅಲ್ಲಿ ನಿಜಕ್ಕೂ ತಪ್ಪು ನಡೆದಿತ್ತು. 2009ರಲ್ಲಿ ಪಾತ್ ಎಂಬ ಅಮೆರಿಕದ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಜ್ಯ ಸರ್ಕಾರಗಳ ಜೊತೆಗೂಡಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ 10–14ರ ಹುಡುಗಿಯರಿಗೆ ಲಸಿಕೆ ಹಾಕುವ ಯೋಜನೆ ನಡೆಸಿತು. ಖಮ್ಮಂನಲ್ಲಿ ಬಹಳಷ್ಟು ಮಂದಿ ಬುಡಕಟ್ಟಿನ ಮಕ್ಕಳು, ಸರ್ಕಾರಿ ಹಾಸ್ಟೆಲಿನಲ್ಲಿದ್ದವರು. ಒಪ್ಪಿಗೆ ಪತ್ರಗಳಿಗೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್ನುಗಳು, ಹೆಡ್‌ಮಾಸ್ಟರುಗಳು ಸಹಿ ಹಾಕಿದ್ದರು. ಏಳು ಹುಡುಗಿಯರು ಸತ್ತ ಸುದ್ದಿ ಬಂದು 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ನೀರಿಗೆ ಬಿದ್ದದ್ದು, ಹಾವು ಕಡಿದದ್ದು, ಕೀಟನಾಶಕ ಕುಡಿದದ್ದು, ಜ್ವರ ಇಂಥ ಕಾರಣಗಳನ್ನು ಪಟ್ಟಿ ಮಾಡಿದ ತನಿಖಾ ಸಮಿತಿ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿಯನ್ನು ಸಂಸದೀಯ ಸ್ಥಾಯಿ ಸಮಿತಿ 2013ರ ವರದಿಯಲ್ಲಿ ಕಟುವಾಗಿ ಖಂಡಿಸಿತು. ಖಂಡಿಸಬೇಕಾದದ್ದೇ. ಬಡವರ ಮಗಳ ತೋಳಿಗೆ ಸೂಜಿ ಚುಚ್ಚುವ ಮುನ್ನ ಅವಳ ತಾಯಿಗೆ ಅವಳ ಭಾಷೆಯಲ್ಲಿ ಹೇಳದವರು ಯಾರ ಗೌರವಕ್ಕೂ ಅರ್ಹರಲ್ಲ.

ಆದರೆ ಆ ತಪ್ಪಿಗೆ ಶಿಕ್ಷೆ ಅನುಭವಿಸಿದವರು ಯಾರು? ಸರ್ಕಾರಿ ಲಸಿಕೆಯ ಯೋಚನೆಯೇ ವರ್ಷಗಟ್ಟಲೆ ಮೂಲೆಗೆ ಸರಿಯಿತು. ಖಾಸಗಿ ಮಾರಾಟ ಮಾತ್ರ ಮುಂದುವರಿಯಿತು. "ಬಡ ಹುಡುಗಿಯರನ್ನು ಪ್ರಯೋಗದ ಇಲಿ ಮಾಡಬೇಡಿ" ಎಂಬ ಘೋಷಣೆಯ ಕೊನೆಯ ಪರಿಣಾಮವೆಂದರೆ, ಉಳ್ಳವರ ಹುಡುಗಿಯರು ಕ್ಲಿನಿಕ್ಕಿಗೆ ಹೋಗಿ ರಕ್ಷಣೆ ಪಡೆದರು, ಖಮ್ಮಂನ ಮಕ್ಕಳ ಓರಗೆಯವರಿಗೆ ಏನೂ ಸಿಗಲಿಲ್ಲ. ಅಂದು ಹತ್ತು ಹನ್ನೆರಡು ವರ್ಷದವರಾಗಿದ್ದವರು ಇಂದು ಮಕ್ಕಳ ತಾಯಂದಿರು. ಅನ್ಯಾಯ ಒಪ್ಪಿಗೆಯಲ್ಲಿತ್ತು, ಸರಿಪಡಿಸಬೇಕಾದದ್ದೂ ಒಪ್ಪಿಗೆ ಪಡೆಯುವ ರೀತಿಯನ್ನೇ.

ಅದೇ ಗದ್ದಲದಲ್ಲಿ ಇನ್ನೊಂದು ಅಧ್ಯಯನವೂ ಸಿಕ್ಕಿಹಾಕಿಕೊಂಡಿತು. ಕೇರಳ ಮೂಲದ ರಂಗಸ್ವಾಮಿ ಶಂಕರನಾರಾಯಣನ್ ಅವರ ನೇತೃತ್ವದಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎರಡು ಡೋಸ್ ಸಾಕೇ ಮೂರು ಬೇಕೇ ಎಂದು ಪರೀಕ್ಷಿಸಲು 2009ರಲ್ಲಿ ಭಾರತದ ಹಲವು ಕಡೆ 10–18ರ ಹುಡುಗಿಯರಿಗೆ ಲಸಿಕೆ ಹಾಕುತ್ತಿತ್ತು. ಖಮ್ಮಂ ಸುದ್ದಿಯಾದಾಗ ಇದನ್ನೂ ನಿಲ್ಲಿಸಬೇಕಾಯಿತು. 17 ಸಾವಿರಕ್ಕೂ ಹೆಚ್ಚು ಹುಡುಗಿಯರಲ್ಲಿ ಸಾವಿರಾರು ಮಂದಿಗೆ ಒಂದೇ ಡೋಸ್ ಬಿದ್ದಿತ್ತು. ಸಂಶೋಧಕರು ಅವರನ್ನು ಕೈಬಿಡಲಿಲ್ಲ. ಹತ್ತು ವರ್ಷ ಹಿಂಬಾಲಿಸಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ 16 ಮತ್ತು 18ನೇ ಬಗೆಗಳ ದೀರ್ಘಕಾಲದ ಸೋಂಕಿನ ವಿರುದ್ಧ ಒಂದು ಡೋಸಿನ ರಕ್ಷಣೆ ಶೇ 95ರಷ್ಟಿತ್ತು. ಮುಂದಿನ ವರ್ಷ ಕೀನ್ಯಾದ ಅಧ್ಯಯನವೂ ಅದನ್ನೇ ಹೇಳಿತು. 2022ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ, 9ರಿಂದ 20 ವರ್ಷದ ಹುಡುಗಿಯರಿಗೆ ಒಂದು ಡೋಸ್ ಕ್ರಮವನ್ನೂ ಅನುಸರಿಸಬಹುದೆಂದು ಒಪ್ಪಿತು. ಭಾರತದ ಹುಡುಗಿಯರ ತೋಳಿನಿಂದ ಬಂದ ಈ ಜ್ಞಾನ ಜಗತ್ತಿನ ಬಡ ದೇಶಗಳಿಗೆಲ್ಲ ಲಸಿಕೆಯ ಖರ್ಚನ್ನು ಇಳಿಸಿತು. ಅದರ ಫಲ ನಮ್ಮ ಹಳ್ಳಿಯ ಹುಡುಗಿಯರಿಗೆ ಮೊದಲು ಸಿಗಬೇಕು. ನೂರು ಡೋಸಿನಲ್ಲಿ ಐವತ್ತರ ಬದಲು ನೂರು ಮಂದಿಯನ್ನು ತಲುಪಬಹುದು ಎಂದರೆ ಸಮೂಹ ರಕ್ಷಣೆ ಕೈಗೆಟುಕುವ ಮಾತಾಯಿತು.

ಅಡ್ಡಪರಿಣಾಮ? ಕೈ ನೋಯುತ್ತದೆ, ಕೆಲವರಿಗೆ ಸಣ್ಣ ಜ್ವರ. ಹದಿಹರೆಯದ ಮಕ್ಕಳಲ್ಲಿ ಚುಚ್ಚುಮದ್ದಿನ ಭಯಕ್ಕೇ ತಲೆ ತಿರುಗುವುದುಂಟು, ಅದಕ್ಕೇ ಹದಿನೈದು ನಿಮಿಷ ಕೂರಿಸಿ ಕಳಿಸುವುದು. ತೀವ್ರ ಅಲರ್ಜಿ ಬಲು ಅಪರೂಪ. ಮಕ್ಕಳಾಗುವುದಿಲ್ಲ ಎಂಬ ವಾಟ್ಸ್ಆ್ಯಪ್ ಸಂದೇಶಕ್ಕೆ ಯಾವ ಆಧಾರವೂ ಇಲ್ಲ. ಗರ್ಭಕೋಶ ತೆಗೆಸುವುದು, ವಿಕಿರಣದಿಂದ ಅಂಡಾಶಯ ಕೆಲಸ ನಿಲ್ಲಿಸುವುದು ಈ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಆಗುವಂಥದ್ದು. ಬಂಜೆತನದ ಭಯವಿರುವವರು ಲಸಿಕೆ ಹಾಕಿಸಲೇಬೇಕು. ಭಯಕ್ಕೆ ಮಣಿದರೆ ಏನಾಗುತ್ತದೆ ಎಂಬುದನ್ನು ಜಪಾನ್ ತೋರಿಸಿತು. 2013ರ ಏಪ್ರಿಲ್‌ನಲ್ಲಿ ಲಸಿಕೆಯನ್ನು ರಾಷ್ಟ್ರೀಯ ಲಸಿಕಾ ಪಟ್ಟಿಗೆ ಸೇರಿಸಿ, ಟಿವಿಗಳಲ್ಲಿ ಬಂದ ವರದಿಗಳಿಗೆ ಹೆದರಿ ಜೂನ್‌ನಲ್ಲೇ ಸರ್ಕಾರ ಶಿಫಾರಸು ಹಿಂತೆಗೆದುಕೊಂಡಿತು. ಶೇ 70ರ ಹತ್ತಿರವಿದ್ದ ಪ್ರಮಾಣ ಶೇ 1ಕ್ಕಿಂತ ಕೆಳಗೆ ಬಿತ್ತು. ಮತ್ತೆ ಶಿಫಾರಸು ಮಾಡಿದ್ದು 2022ರಲ್ಲಿ. ಆ ನಡುವಿನ ಹುಡುಗಿಯರಲ್ಲಿ ಮುಂದೆ 5 ಸಾವಿರದಷ್ಟು ಹೆಚ್ಚುವರಿ ಸಾವು ಸಂಭವಿಸಬಹುದೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ.

"ತಪಾಸಣೆ ಇದೆಯಲ್ಲ" ಎನ್ನುವವರಿಗೆ: ತಪಾಸಣೆ ಬೇಕೇ ಬೇಕು, ಲಸಿಕೆ ಪಡೆದವರಿಗೂ ಬೇಕು. ನಮ್ಮ ಬೀದರ್, ಕಲಬುರಗಿಗೆ ಅಂಟಿಕೊಂಡಿರುವ, ಈಗ ಧಾರಾಶಿವ ಎನಿಸಿಕೊಂಡ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1.3 ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನ 2009ರಲ್ಲಿ ತೋರಿಸಿದ್ದು ಇದನ್ನೇ: ಜೀವಮಾನದಲ್ಲಿ ಒಂದೇ ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ತೊಂದರೆ ಕಂಡವರಿಗೆ ಚಿಕಿತ್ಸೆ ಕೊಟ್ಟರೆ ಸಾವು ಅರ್ಧಕ್ಕಿಳಿಯುತ್ತದೆ. ಹದಿನೈದು ವರ್ಷ ಕಳೆದರೂ ಅದು ನಮ್ಮ ತಾಲ್ಲೂಕುಗಳಿಗೆ ನಿತ್ಯದ ಕೆಲಸವಾಗಿ ಬಂದಿಲ್ಲ. ತಪಾಸಣೆಗೆ ಹೆಣ್ಣು ನಾಚಿಕೆ ಮೀರಬೇಕು, ಕೂಲಿ ಬಿಡಬೇಕು, ಮೇಜಿನ ಮೇಲೆ ಮಲಗಬೇಕು, ಮತ್ತೆ ಬರಬೇಕು. ಲಸಿಕೆಗೆ ಶಾಲೆಯಲ್ಲಿ ಹತ್ತು ನಿಮಿಷ ಸಾಕು. ಒಂದನ್ನು ತೋರಿಸಿ ಇನ್ನೊಂದನ್ನು ಬೇಡವೆನ್ನುವುದು ಎರಡನ್ನೂ ಕೊಡದವರ ವಾದ.

ಹುಡುಗರ ಮಾತನ್ನೂ ಎತ್ತಲೇಬೇಕು. 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಆರಂಭವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗಲೂ ವದಂತಿಗಳು ಹಬ್ಬಿದ್ದವು. ಆದರೂ ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಹಾಕಿದೆವು. ರುಬೆಲ್ಲಾದಿಂದ ದೊಡ್ಡ ಹಾನಿ ಆಗುವುದು ಬಸುರಿಯ ಹೊಟ್ಟೆಯಲ್ಲಿರುವ ಕೂಸಿಗೆ. ಆದರೂ ಗಂಡು ಹುಡುಗನಿಗೆ ಯಾಕೆಂದು ಯಾರೂ ಕೇಳಲಿಲ್ಲ, ಯಾಕೆಂದರೆ ಅವನು ಅದನ್ನು ಬಸುರಿಗೆ ದಾಟಿಸಬಲ್ಲ. ಎಚ್‌ಪಿವಿ ವಿಷಯದಲ್ಲೂ ನ್ಯಾಯ ಅದೇ. ಜೊತೆಗೆ ಅದು ಗಂಡಸರಿಗೂ ಗಂಟಲಿನ, ಗುದದ್ವಾರದ, ಶಿಶ್ನದ ಕ್ಯಾನ್ಸರ್ ತರುತ್ತದೆ. ಲಸಿಕೆ ಸಾಲದಿದ್ದಾಗ ಹುಡುಗಿಯರಿಗೆ ಮೊದಲು ಕೊಡುವುದು ಸರಿ; ಹುಡುಗಿಯರಲ್ಲಿ ಪ್ರಮಾಣ ಏರಿದರೆ ಹುಡುಗರಿಗೂ ನೆರಳು ಸಿಗುತ್ತದೆ. ಆದರೆ ವೈರಾಣುವಿನ ಹೊಣೆಯನ್ನು ಹೆಣ್ಣಿನ ತೋಳಿಗೇ ಶಾಶ್ವತವಾಗಿ ಹೊರಿಸುವುದು ಸಲ್ಲದು. ದುಡ್ಡಿದ್ದವರು ಮಗನಿಗೂ ಇಂದೇ ಹಾಕಿಸಿ.

ಸಾಧ್ಯವಿಲ್ಲ ಎನ್ನುವವರು ಸಿಕ್ಕಿಮನ್ನು ನೋಡಲಿ. 2018ರಲ್ಲಿ ಆ ಪುಟ್ಟ ರಾಜ್ಯ 9–13ರ ಹುಡುಗಿಯರಿಗೆಲ್ಲ ಲಸಿಕೆ ಹಾಕಲು ಹೊರಟಾಗ ಮೊದಲು ಮಾಡಿದ್ದು ಮಾತಾಡುವ ಕೆಲಸ: ಶಿಕ್ಷಕರ ಜೊತೆ, ಪೋಷಕರ ಜೊತೆ, ವೈದ್ಯರು ಮತ್ತು ಪತ್ರಕರ್ತರ ಜೊತೆ. ಶಾಲೆಯಲ್ಲಿ ಹಾಕಿದರು, ಶಾಲೆಗೆ ಬಾರದವರಿಗೆ ಆರೋಗ್ಯ ಕೇಂದ್ರದಲ್ಲಿ ಹಾಕಿದರು. ಮೊದಲ ಡೋಸ್ ಶೇ 95ಕ್ಕೂ ಹೆಚ್ಚು ಹುಡುಗಿಯರನ್ನು ತಲುಪಿತು. ಖಮ್ಮಂನಲ್ಲಿ ಬಿಟ್ಟುಹೋದದ್ದನ್ನು ಅಲ್ಲಿ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆ 2030ರೊಳಗೆ 15 ವರ್ಷ ತುಂಬುವ ಮೊದಲು ಶೇ 90 ಹುಡುಗಿಯರಿಗೆ ಲಸಿಕೆ ಆಗಬೇಕೆಂದು ಇಟ್ಟ ಗುರಿ ನಮ್ಮ ದೇಶದಲ್ಲೇ ಒಂದು ರಾಜ್ಯಕ್ಕೆ ಸಾಧ್ಯವಾಗಿದೆ.

ಕರ್ನಾಟಕದಲ್ಲಿ ಕಷ್ಟವಿರುವುದು ನೂರರಲ್ಲಿ ಕೊನೆಯ ಹತ್ತು ಹುಡುಗಿಯರಲ್ಲಿ: ಕಬ್ಬಿನ ಕಟಾವಿಗೆ ಅಪ್ಪ ಅಮ್ಮನ ಜೊತೆ ಗುಳೆ ಹೋದವಳು, ಹತ್ತಿ ಬೀಜದ ಹೊಲದಲ್ಲಿ ಹೂವುಗಳಿಗೆ ಕೈಯಿಂದ ಪರಾಗಸ್ಪರ್ಶ ಮಾಡುತ್ತಿರುವವಳು, ಏಳನೇ ತರಗತಿಗೆ ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳುತ್ತಿರುವವಳು. ಬೇಗ ಮದುವೆಯಾಗುವವಳೂ ಇವಳೇ, ಮುಂದೆ ತಪಾಸಣೆ ಸಿಗದವಳೂ ಇವಳೇ. ಶಾಲೆಯ ಹಾಜರಿ ಪುಸ್ತಕ ಹಿಡಿದು ಹೊರಟರೆ ಇವಳು ಸಿಗುವುದಿಲ್ಲ. ಆಶಾ ಕಾರ್ಯಕರ್ತೆಯ, ಅಂಗನವಾಡಿಯ ಮನೆಮನೆ ಪಟ್ಟಿ ಬೇಕು. ಅಲ್ಲಿಯವರೆಗೆ ಅವಳನ್ನು ಕಾಯುವುದು ಸುತ್ತಲಿನ ಉಳಿದ ಹುಡುಗಿಯರು ಹಾಕಿಸಿಕೊಂಡ ಲಸಿಕೆಯೇ.

ಆದ್ದರಿಂದ ಪೋಷಕರಲ್ಲಿ ಕೇಳಿಕೊಳ್ಳುವುದಿಷ್ಟು. ಮದುವೆ ಹತ್ತಿರ ಬಂದಾಗ ನೋಡೋಣ ಎಂದು ಮುಂದೂಡಬೇಡಿ. ಸೋಂಕು ತಗಲಿದ ಮೇಲೆ ಲಸಿಕೆ ಅದನ್ನು ಹೋಗಲಾಡಿಸುವುದಿಲ್ಲ, 9ರಿಂದ 14ರ ವಯಸ್ಸೇ ಸರಿಯಾದ ಕಾಲ. ಶಾಲೆಯಿಂದ ಒಪ್ಪಿಗೆ ಪತ್ರ ಬಂದರೆ ಓದಿ, ಅನುಮಾನವಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ, ಸಹಿ ಹಾಕಿ ಕಳಿಸಿ. ಹೆಡ್‌ಮಾಸ್ಟರುಗಳೇ, ತಾಯಂದಿರನ್ನು ಕರೆದು ಕೂರಿಸಿ ಮಾತಾಡಿ. ಅವರ ಬದಲು ನೀವು ಸಹಿ ಹಾಕಬೇಡಿ. ಮಗಳಿಗೆ ದುಡ್ಡು ಕೊಟ್ಟು ಹಾಕಿಸಬಲ್ಲವರು, ನಿಮ್ಮ ಮನೆಕೆಲಸಕ್ಕೆ ಬರುವಾಕೆಗೆ ಹತ್ತು ಹನ್ನೆರಡು ವರ್ಷದ ಮಗಳಿದ್ದಾಳೆಯೇ ಎಂದು ಈ ವಾರವೇ ಕೇಳಿ. ಇದ್ದರೆ, ನಿಮ್ಮ ಮಗಳ ಜೊತೆ ಅವಳನ್ನೂ ಕರೆದುಕೊಂಡು ಹೋಗಿ.